ಎಮ್ಮಾ ಥಾಂಪ್ಸನ್ ಮಾಡಿದ ಪಾತ್ರಗಳಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿದದ್ದು ಯಾವುದು?

ಹಳೇರೀಲು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ‘ಲವ್ ಆಕ್ಚುಲಿ’ ಮತ್ತೆ ನೋಡಿದೆ. ಎಷ್ಟನೇ ಸಲವೋ ಲೆಕ್ಕವಿಲ್ಲ. 2003ರ ಸಿನಿಮಾ. ಒಂದರೊಳಗೊಂದು ಹೆಣೆದ ಎಷ್ಟೋ ಕತೆಗಳಿವೆ, ಕೆಲವು ಈಗ ಸಪ್ಪೆ ಅನ್ನಿಸುತ್ತವೆ. ಆದರೆ ಇಂಗ್ಲೆಂಡಿನ ನಟಿ ಎಮ್ಮಾ ಥಾಂಪ್ಸನ್ ಅವರ ಒಂದು ದೃಶ್ಯ ಬಂತು ಅಂದರೆ ಪ್ರತಿ ಸಲವೂ ಊಟದ ತಟ್ಟೆ ಪಕ್ಕಕ್ಕಿಟ್ಟು ನೋಡುತ್ತೇನೆ.

ನೋಡದೇ ಇರುವವರಿಗೆ ಸ್ವಲ್ಪ ಹೇಳುತ್ತೇನೆ. ಎಮ್ಮಾ ಮಾಡಿದ ಕ್ಯಾರೆನ್ ಎರಡು ಮಕ್ಕಳ ತಾಯಿ. ಗಂಡನ ಕೋಟಿನ ಜೇಬಿನಲ್ಲಿ ಒಂದು ಚಿನ್ನದ ನೆಕ್ಲೇಸ್ ನೋಡಿರುತ್ತಾಳೆ. ಕ್ರಿಸ್‌ಮಸ್‌ಗೆ ತನಗೇ ತಂದದ್ದು ಅಂತ ಒಳಗೊಳಗೇ ಖುಷಿ. ಆ ಸಂಜೆ ಎಲ್ಲರ ಎದುರು ಪೊಟ್ಟಣ ಬಿಚ್ಚಿದರೆ ಒಳಗಿರುವುದು ಗಾಯಕಿ ಜೋನಿ ಮಿಚೆಲ್ ಅವರ ಹಾಡಿನ ಸಿಡಿ. ನೆಕ್ಲೇಸ್ ಇನ್ನೊಬ್ಬಳಿಗೆ ಹೋಗಿದೆ ಅಂತ ಅವಳಿಗೆ ಗೊತ್ತಾಗುವುದು ಆಗಲೇ. ಗಂಡ, ಮಕ್ಕಳು ಎದುರಿಗೇ ಇದ್ದಾರೆ. ನಗುತ್ತಾಳೆ. ಏನೋ ನೆಪ ಹೇಳಿ ಮಲಗುವ ಕೋಣೆಗೆ ಹೋಗುತ್ತಾಳೆ. ಅಲ್ಲಿ ನಿಂತುಕೊಂಡೇ ಅಳುತ್ತಾಳೆ. ಹಾಡು ಹಿಂದೆ ಓಡುತ್ತಿರುತ್ತದೆ. ಬೆರಳಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಆಮೇಲೆ ಬಗ್ಗಿ ಹಾಸಿಗೆಯ ಹೊದಿಕೆಯ ಸುಕ್ಕನ್ನು ಕೈಯಿಂದ ಸವರಿ ಸರಿ ಮಾಡುತ್ತಾಳೆ. ಉಸಿರು ಎಳೆದುಕೊಂಡು ಹೊರಗೆ ಬಂದು ಮಕ್ಕಳನ್ನು ಸ್ಕೂಲಿನ ನಾಟಕಕ್ಕೆ ಹೊರಡಿಸುತ್ತಾಳೆ.

ಆ ಹೊದಿಕೆ ಸರಿ ಮಾಡುವುದಿದೆಯಲ್ಲ, ಅಲ್ಲೇ ನನ್ನ ಕಣ್ಣು ತುಂಬುತ್ತದೆ. ನಮ್ಮ ದೊಡ್ಡಮ್ಮ ಹೀಗೇ ಇದ್ದರು. ಅವರು ಅತ್ತದ್ದನ್ನು ನಾನು ನೋಡಿಲ್ಲ. ಆದರೆ ಮನೆಯಲ್ಲಿ ಏನಾದರೂ ಮಾತು ಆದ ದಿನ ಒಲೆಕಟ್ಟೆಯನ್ನು ಎರಡೆರಡು ಸಲ ಒರೆಸುತ್ತಿದ್ದರು.

ಎಮ್ಮಾ ಚೆನ್ನಾಗಿ ಅಳುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅನ್ನಿಸುವುದು ಬೇರೆ. ಅಳು ಬಂದಾಗ ಹೆಂಗಸರ ಕೈ ಏನು ಮಾಡುತ್ತದೆ ಅಂತ ಇವರಷ್ಟು ಗಮನಿಸಿದ ನಟಿ ಕಡಿಮೆ. 80ರ ದಶಕದಿಂದ ಇಲ್ಲಿಯವರೆಗೆ ಟೀಚರ್, ವಕೀಲೆ, ರಾಣಿ, ದಾದಿ, ಮಾಟಗಾತಿ, ಜಡ್ಜ್ ಅಂತ ಏನೇನೋ ಪಾತ್ರ ಮಾಡಿದ್ದಾರೆ. ನಿಮಗೆ ಯಾವುದು ಉಳಿದಿದೆ, ಹೇಳಿ. ಸುಮ್ನೆ ಹೆಸರು ಹಾಕಬೇಡಿ, ಒಂದು ದೃಶ್ಯ ಹೇಳಿ.

ತುಂಗಾತೀರ

‘ದಿ ರಿಮೇನ್ಸ್ ಆಫ್ ದಿ ಡೇ’, 1993. ಬೇರೆ ಯೋಚನೆಯೇ ಬರುವುದಿಲ್ಲ.

ಇಂಗ್ಲೆಂಡಿನ ಒಂದು ದೊಡ್ಡ ಬಂಗಲೆ. ಆಂಥನಿ ಹಾಪ್ಕಿನ್ಸ್ ಅಲ್ಲಿನ ಬಟ್ಲರ್ ಸ್ಟೀವನ್ಸ್, ಎಮ್ಮಾ ಮನೆವಾರ್ತೆ ನೋಡಿಕೊಳ್ಳುವ ಮಿಸ್ ಕೆಂಟನ್. ಒಂದು ದಿನ ಅವಳು ಹೂವು ಹಿಡಿದು ಅವನ ಕೋಣೆಗೆ ಬರುತ್ತಾಳೆ. ಅವನು ಪುಸ್ತಕ ಓದುತ್ತಿದ್ದಾನೆ. ಏನು ಓದುತ್ತಿದ್ದೀರಿ ಅಂತ ಕೇಳಿದರೆ ಎದೆಗೆ ಒತ್ತಿ ಹಿಡಿದುಕೊಳ್ಳುತ್ತಾನೆ. ಅವಳು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಾಳೆ. ಅವನು ಗೋಡೆಯ ತನಕ ಹಿಂದೆ ಸರಿದಿದ್ದಾನೆ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪುಸ್ತಕ ತೆಗೆದುಕೊಳ್ಳುತ್ತಾಳೆ. ನೋಡಿದರೆ ಹಳೆಯ ಕಾಲದ ಒಂದು ಪ್ರೇಮಕತೆ, ಅಷ್ಟೇ. ಒಂದು ಮುತ್ತಿಲ್ಲ, ಅಪ್ಪುಗೆಯಿಲ್ಲ. ಆದರೂ ನೋಡುವವರು ಉಸಿರು ಬಿಗಿ ಹಿಡಿದು ಕೂರುತ್ತಾರೆ.

ಹಳೇರೀಲು ಸರ್ ಕೈ ಬಗ್ಗೆ ಬರೆದದ್ದು ಓದಿ ಇನ್ನೊಂದು ದೃಶ್ಯ ನೆನಪಾಯಿತು. ಬೇರೆಯವನನ್ನು ಮದುವೆಯಾಗಲು ಒಪ್ಪಿಕೊಂಡು ಬಂದು ಅವಳು ಒಬ್ಬಳೇ ಕೂತು ಅಳುತ್ತಿರುತ್ತಾಳೆ. ಸ್ಟೀವನ್ಸ್ ಒಳಗೆ ಬರುತ್ತಾನೆ. ಈಗಲಾದರೂ ಒಂದು ಮಾತು ಆಡುತ್ತಾನೆ ಅಂತ ನಾವು ಕಾಯುತ್ತೇವೆ. ಅವನು ಹೇಳುವುದು ಯಾವುದೋ ಮೂಲೆಯಲ್ಲಿ ಧೂಳು ಒರೆಸಿಲ್ಲ ಅಂತ. ಆಗ ಅವಳ ಮುಖ ನೋಡಬೇಕು. ಸಿಟ್ಟೂ ಬರುವುದಿಲ್ಲ, ಅಳುವೂ ಜಾಸ್ತಿ ಆಗುವುದಿಲ್ಲ. ಇಷ್ಟು ವರ್ಷ ಇವನಿಗಾಗಿ ಕಾದೆನಲ್ಲ ಅನ್ನುವ ಒಂದು ಸುಸ್ತು ಬರುತ್ತದೆ.

ಕೊನೆಯಲ್ಲಿ ಮಳೆ, ಬಸ್ಸು. ಬಸ್ಸು ಹೊರಟಾಗ ಇಬ್ಬರ ಕೈಗಳೂ ಬಿಟ್ಟುಹೋಗುತ್ತವೆ. ಜಾಸ್ತಿ ಬರೆಯಲಾರೆ.

ಬೆಣ್ಣೆದೋಸೆ

ಎಲ್ಲರೂ ಹೊಗಳುತ್ತಿದ್ದೀರಿ, ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ನಾನು ನೋಡಿದ್ದು ಇವರ ನಾಲ್ಕೈದು ಸಿನಿಮಾ. ‘ಹೋವರ್ಡ್ಸ್ ಎಂಡ್’, ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’, ಮೇಲೆ ಹೇಳಿದ ಎರಡು. ಎಲ್ಲದರಲ್ಲೂ ಓದಿಕೊಂಡ, ಜವಾಬ್ದಾರಿ ಇರುವ, ಒಳಗೆ ನೋವು ಇಟ್ಟುಕೊಂಡು ಹೊರಗೆ ನಗುವ ಇಂಗ್ಲಿಷ್ ಹೆಂಗಸು. ಉದ್ದ ಲಂಗ, ತೋಟ, ಚಹಾ. ಚೆನ್ನಾಗಿ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ಇದನ್ನು ವೈವಿಧ್ಯ ಅನ್ನಬಹುದಾ? ಒಂದೇ ಪಾತ್ರವನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡಿದ ಹಾಗೆ ಅನ್ನಿಸಿತು.

ತುಂಗಾತೀರ

ಬೆಣ್ಣೆದೋಸೆ ಅವರೇ, ‘ಹೋವರ್ಡ್ಸ್ ಎಂಡ್’ ಇನ್ನೊಮ್ಮೆ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಎಮ್ಮಾ ಮಾಡಿದ ಮಾರ್ಗರೆಟ್ ಒಳಗೇ ನೋವು ಇಟ್ಟುಕೊಳ್ಳುವವಳಲ್ಲ. ತಂಗಿ ಮದುವೆಯಾಗದೆ ಬಸುರಿ, ಅವಳನ್ನು ಒಂದು ರಾತ್ರಿ ಮನೆಯಲ್ಲಿ ಇರಿಸಿಕೊಳ್ಳಲು ಗಂಡ ಒಪ್ಪುವುದಿಲ್ಲ. ಅದೇ ಗಂಡ ಹಿಂದೆ ಇಟ್ಟುಕೊಂಡಿದ್ದ ಸಂಬಂಧವನ್ನು ಇವಳು ಕ್ಷಮಿಸಿದ್ದಾಳೆ. ಆಗ ಅವಳು ಅವನನ್ನು ಎದುರಿಗೆ ನಿಲ್ಲಿಸಿ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸುತ್ತಾಳೆ. ಒಂದು ಮಾತನ್ನೂ ನುಂಗುವುದಿಲ್ಲ. ಆ ಪಾತ್ರಕ್ಕೇ ಆಸ್ಕರ್ ಬಂದದ್ದು.

ಇನ್ನೊಂದು ಸಂಗತಿ. ಆ ಸಿನಿಮಾ ನಿರ್ಮಾಪಕ ಇಸ್ಮಾಯಿಲ್ ಮರ್ಚಂಟ್ ಮುಂಬೈಯಲ್ಲಿ ಹುಟ್ಟಿದವರು. ಚಿತ್ರಕತೆ ಬರೆದ ರೂತ್ ಪ್ರಾವರ್ ಝಾಬ್ವಾಲಾ ಎಷ್ಟೋ ವರ್ಷ ದೆಹಲಿಯಲ್ಲಿ ಸಂಸಾರ ಮಾಡಿದವರು. ಅವರಿಗೂ ಅದೇ ಸಿನಿಮಾಕ್ಕೆ ಆಸ್ಕರ್ ಬಂತು. ಇಂಗ್ಲಿಷರ ಮನೆಯೊಳಗಿನ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದಕ್ಕೆ ಹೊರಗಿನಿಂದ ಬಂದ ಈ ಕಣ್ಣುಗಳೂ ಒಂದು ಕಾರಣ ಅಂತ ನನ್ನ ನಂಬಿಕೆ.

ನೈಟ್‌ಡ್ಯೂಟಿ

ನಾನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಮೂಲ ಕುಂದಾಪುರದ ಕಡೆ, ಈಗ ಇಂಗ್ಲೆಂಡಿನಲ್ಲಿ ನರ್ಸ್. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ.

ಬೆಣ್ಣೆದೋಸೆ ಅವರು ‘ವಿಟ್’ ನೋಡಿಲ್ಲ ಅಂತ ಕಾಣುತ್ತದೆ. 2001ರ ಟಿವಿ ಸಿನಿಮಾ. ಮೈಕ್ ನಿಕೋಲ್ಸ್ ನಿರ್ದೇಶನ. ಮಾರ್ಗರೆಟ್ ಎಡ್ಸನ್ ಬರೆದ ನಾಟಕವನ್ನು ಸಿನಿಮಾಕ್ಕೆ ಬರೆದವರಲ್ಲಿ ಎಮ್ಮಾ ಕೂಡ ಒಬ್ಬರು. ವಿವಿಯನ್ ಬೇರಿಂಗ್ ಅಂತ ಇಂಗ್ಲಿಷ್ ಪ್ರೊಫೆಸರ್. ಜಾನ್ ಡನ್ ಕವಿಯ ಮೇಲೆ ದೊಡ್ಡ ವಿದ್ವಾಂಸೆ. ವಿದ್ಯಾರ್ಥಿಗಳ ಮೇಲೆ ಒಂದಿಷ್ಟೂ ಕರುಣೆ ಇಲ್ಲದವಳು. ಅವಳಿಗೆ ಅಂಡಾಶಯದ ಕ್ಯಾನ್ಸರ್, ನಾಲ್ಕನೇ ಹಂತ. ಎಂಟು ಸುತ್ತು ಕೀಮೋ, ಅದೂ ಪೂರ್ತಿ ಡೋಸ್. ಎಮ್ಮಾ ನಿಜವಾಗಿಯೂ ತಲೆ ಬೋಳಿಸಿಕೊಂಡಿದ್ದರು. ಸಿನಿಮಾದ ಹೆಚ್ಚು ಭಾಗ ಆಸ್ಪತ್ರೆಯ ಬಟ್ಟೆಯಲ್ಲಿ, ಕ್ಯಾಮೆರಾವನ್ನು ನೇರವಾಗಿ ನೋಡಿ ನಮ್ಮ ಜೊತೆ ಮಾತಾಡುತ್ತಾರೆ. ಅಲ್ಲಿ ಕೂದಲಿಲ್ಲ, ಮೇಕಪ್ ಇಲ್ಲ, ಲಂಗ ಇಲ್ಲ, ತೋಟ ಇಲ್ಲ.

ನಾನು ನರ್ಸ್ ಆಗಿ ಒಂದು ದೃಶ್ಯ ಹೇಳುತ್ತೇನೆ. ರಾತ್ರಿ ನಿದ್ದೆ ಬರದೆ ವಿವಿಯನ್ ಸುಮ್ಮನೆ ಅಲಾರಂ ಹೊಡೆಸುತ್ತಾಳೆ. ನರ್ಸ್ ಸೂಸಿ ಬರುತ್ತಾಳೆ. ವಿವಿಯನ್‌ಗೆ ಏನು ಬೇಕು ಅಂತ ಹೇಳಲು ಬರುವುದಿಲ್ಲ. ಜೀವಮಾನವಿಡೀ ಮಾತನ್ನೇ ನಂಬಿದವಳು, ಹೆದರಿಕೆಯಾಗುತ್ತಿದೆ ಅಂತ ಹೇಳಲು ತಡವರಿಸುತ್ತಾಳೆ. ಸೂಸಿ ಒಂದು ಐಸ್ ಕ್ಯಾಂಡಿ ತಂದು ಕೊಡುತ್ತಾಳೆ, ಎರಡು ಕಡ್ಡಿ ಇರುವಂಥದ್ದು. ವಿವಿಯನ್ ಅದನ್ನು ಮುರಿದು ಅರ್ಧ ಸೂಸಿಗೆ ಕೊಡುತ್ತಾಳೆ. ಇಬ್ಬರೂ ಕೂತು ತಿನ್ನುತ್ತಾರೆ. ಹಾಗೆ ತಿನ್ನುತ್ತಲೇ, ಕೊನೆ ಗಳಿಗೆಯಲ್ಲಿ ಎದೆ ಒತ್ತಿ ಜೀವ ಮರಳಿಸುವ ಪ್ರಯತ್ನ ಬೇಕೋ ಬೇಡವೋ ಅಂತ ಮಾತು ಬರುತ್ತದೆ.

ನಮ್ಮ ವಾರ್ಡಿನಲ್ಲಿ ಅಂಥ ಮಾತು ಬರುವುದು ಹೀಗೇ. ಮೇಜಿನ ಎದುರು ಫಾರಂ ಇಟ್ಟಾಗ ಜನ ಸರಿಯಾಗಿ ಮಾತಾಡುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ, ಬಾಯಿ ಒಣಗಿದೆ ಅಂತ ಐಸ್ ಚೂರು ಕೊಡುವಾಗ ಮಾತಾಡುತ್ತಾರೆ. ಐಸ್ ಕ್ಯಾಂಡಿ ಹಿಡಿದಾಗ ಎಮ್ಮಾ ಅವರ ಬೆರಳು ನೋಡಿ. ಕೆಲವು ಬಗೆಯ ಕೀಮೋ ಆದವರು ತಣ್ಣಗಿನ ವಸ್ತುವನ್ನು ಎಷ್ಟು ಹುಷಾರಾಗಿ ಹಿಡಿಯುತ್ತಾರೋ ಹಾಗೇ ಹಿಡಿದಿದ್ದಾರೆ. ಹಳೇರೀಲು ಅವರು ಹೇಳಿದ ಕೈಯ ಮಾತು ಇಲ್ಲೂ ನಿಜ.

ಹಳೇರೀಲು

ನೈಟ್‌ಡ್ಯೂಟಿ ಅವರೇ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ‘ವಿಟ್’ ಒಂದೇ ಸಲ ನೋಡಿದ್ದೆ, ಮತ್ತೆ ನೋಡುವ ಧೈರ್ಯ ಬಂದಿರಲಿಲ್ಲ. ಅದರಲ್ಲಿ ಅಲ್ಪವಿರಾಮದ ಮಾತು ಬರುತ್ತದಲ್ಲ, ಅದು ನನಗೆ ಮರೆತೇ ಇಲ್ಲ. ಡನ್ ಕವಿತೆಯಲ್ಲಿ ಬದುಕಿಗೂ ಸಾವಿನಾಚೆಗೂ ನಡುವೆ ಇರುವುದು ಒಂದು ಅಲ್ಪವಿರಾಮ ಮಾತ್ರ, ಅರ್ಧವಿರಾಮ ಹಾಕಿದ ಪ್ರತಿ ತಪ್ಪು ಅಂತ ಅವಳ ಗುರು ಹೇಳುತ್ತಾಳೆ. ಕೊನೆಯಲ್ಲಿ ಅದೇ ಮುದಿ ಗುರು ಆಸ್ಪತ್ರೆಗೆ ಬಂದು, ಹಾಸಿಗೆಯ ಮೇಲೆ ಪಕ್ಕದಲ್ಲಿ ಕೂತು, ಮಕ್ಕಳ ಕತೆ ಪುಸ್ತಕವೊಂದನ್ನು ಓದುತ್ತಾಳೆ. ಡನ್ ಬೇಡ ಅಂತಾಳೆ ವಿವಿಯನ್. ಓಡಿಹೋಗುವ ಮೊಲದ ಮರಿಯ ಕತೆ ಸಾಕು.

ನೈಟ್‌ಡ್ಯೂಟಿ

ಹೌದು. ಅದಾದ ಮೇಲೆ ಬರುವುದನ್ನೂ ಹೇಳಬೇಕು. ಜೀವ ಮರಳಿಸುವ ಪ್ರಯತ್ನ ಬೇಡ ಅಂತ ಅವಳು ಹೇಳಿದ್ದರೂ ಒಬ್ಬ ಕಿರಿಯ ಡಾಕ್ಟರ್ ತನ್ನ ಸಂಶೋಧನೆಯ ಆಸೆಗೆ ತಂಡ ಕರೆಯುತ್ತಾನೆ. ಸೂಸಿ ಅಡ್ಡ ನಿಂತು ತಡೆಯುತ್ತಾಳೆ. ಹೊಸದಾಗಿ ಬಂದ ನರ್ಸುಗಳಿಗೆ ನಾನು ಈ ಸಿನಿಮಾ ನೋಡಿ ಅಂತ ಹೇಳುತ್ತೇನೆ. ಪ್ರಜ್ಞೆ ತಪ್ಪಿದ ರೋಗಿಗೂ ಈಗ ಏನು ಮಾಡುತ್ತಿದ್ದೇನೆ ಅಂತ ಹೇಳುತ್ತಲೇ ಕೆಲಸ ಮಾಡಬೇಕು ಅನ್ನುವುದನ್ನು ಸೂಸಿ ಮಾಡಿ ತೋರಿಸುತ್ತಾಳೆ.

ಕರಿಕೋಟು

ವೃತ್ತಿಯಲ್ಲಿ ವಕೀಲ. ಹಾಗಾಗಿ ನನ್ನ ಆಯ್ಕೆ ‘ಇನ್ ದ ನೇಮ್ ಆಫ್ ದ ಫಾದರ್’, 1993. ಎಮ್ಮಾ ಅದರಲ್ಲಿ ಗ್ಯಾರೆತ್ ಪಿಯರ್ಸ್ ಅನ್ನುವ ನಿಜವಾದ ವಕೀಲೆಯ ಪಾತ್ರ ಮಾಡಿದ್ದಾರೆ. 1974ರಲ್ಲಿ ಗಿಲ್ಡ್‌ಫರ್ಡ್ ಊರಿನ ಪಬ್‌ಗಳಲ್ಲಿ ಬಾಂಬ್ ಸಿಡಿಯಿತು. ನಾಲ್ಕು ಜನ ನಿರಪರಾಧಿಗಳು ಜೈಲಿಗೆ ಹೋದರು. 1989ರಲ್ಲಿ ಶಿಕ್ಷೆ ರದ್ದಾಯಿತು. ಅವರಲ್ಲಿ ಒಬ್ಬನಾದ ಜೆರಿ ಕಾನ್ಲನ್‌ನ ತಂದೆ ಜೈಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು.

ಎಮ್ಮಾ ಹೆಚ್ಚಾಗಿ ಬರುವುದು ಸಿನಿಮಾದ ದ್ವಿತೀಯಾರ್ಧದಲ್ಲಿ, ಸಮಯ ಕಡಿಮೆ. ಆದರೆ ಕೋರ್ಟಿನ ದೃಶ್ಯದಲ್ಲಿ, ಆರೋಪಿ ಪರ ವಕೀಲರಿಗೆ ತೋರಿಸಬಾರದು ಅಂತ ಟಿಪ್ಪಣಿ ಅಂಟಿಸಿದ್ದ ಕಾಗದ ಎತ್ತಿ ಹಿಡಿದಾಗ ಅವರ ದನಿ ಒಡೆಯುತ್ತದೆ. ತಾಲೀಮು ಮಾಡಿದ ಸಿಟ್ಟು ಹಾಗಿರುವುದಿಲ್ಲ. ನಾನು ಕೋರ್ಟಿನಲ್ಲಿ ಅಂಥ ದನಿ ಒಂದೆರಡು ಸಲ ಕೇಳಿದ್ದೇನೆ.

ಒಂದು ತಿದ್ದುಪಡಿಯನ್ನೂ ಹೇಳಿಬಿಡುತ್ತೇನೆ, ಸಿನಿಮಾವನ್ನೇ ಚರಿತ್ರೆ ಅಂದುಕೊಳ್ಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಬೇರೆ, ಬ್ಯಾರಿಸ್ಟರ್ ಬೇರೆ. ಕಕ್ಷಿದಾರರ ಜೊತೆ ಕೂತು ದಾಖಲೆ ಕಲೆಹಾಕಿ ಕೇಸು ಕಟ್ಟುವುದು ಸಾಲಿಸಿಟರ್ ಕೆಲಸ, ಮೇಲಿನ ಕೋರ್ಟಿನಲ್ಲಿ ನಿಂತು ವಾದ ಮಾಡುವುದು ಬ್ಯಾರಿಸ್ಟರ್ ಕೆಲಸ. ಪಿಯರ್ಸ್ ಸಾಲಿಸಿಟರ್. ಸಿನಿಮಾದಲ್ಲಿ ಇರುವ ಹಾಗೆ ಅವರು ಮೇಲ್ಮನವಿ ಕೋರ್ಟಿನಲ್ಲಿ ನಿಂತು ಕೂಗಿ ವಾದ ಮಾಡಿದ್ದಲ್ಲ. ಆಗಲೇ ಇದರ ಬಗ್ಗೆ ಟೀಕೆ ಬಂದಿತ್ತು. ಟೀಕೆ ನ್ಯಾಯವೇ. ಆದರೆ ನಟಿಯ ಕೆಲಸಕ್ಕೆ ಅದರಿಂದ ಕುಂದು ಬರುವುದಿಲ್ಲ.

ಅದೇ ವರ್ಷ ‘ರಿಮೇನ್ಸ್ ಆಫ್ ದಿ ಡೇ’ಗೆ ನಾಯಕಿಯಾಗಿ, ಇದಕ್ಕೆ ಪೋಷಕ ನಟಿಯಾಗಿ, ಎರಡೂ ಕಡೆ ಆಸ್ಕರ್ ನಾಮನಿರ್ದೇಶನ. ಎರಡೂ ಬರಲಿಲ್ಲ. ಆದರೆ ಧೂಳು ಒರೆಸಿಲ್ಲ ಅನ್ನಿಸಿಕೊಂಡು ಸುಮ್ಮನಿದ್ದ ಕೆಂಟನ್ ಮತ್ತು ಕೋರ್ಟನ್ನೇ ನಡುಗಿಸಿದ ಈ ವಕೀಲೆ, ಇಬ್ಬರೂ ಒಂದೇ ವರ್ಷದವರು ಅನ್ನುವುದನ್ನು ಬೆಣ್ಣೆದೋಸೆ ಅವರು ಗಮನಿಸಬೇಕು.

ಎರಡುಜಡೆ

ನಮ್ಮ ಮನೆಯಲ್ಲಿ ‘ನ್ಯಾನಿ ಮೆಕ್‌ಫೀ’. ನನ್ನ ಹೆಣ್ಣುಮಕ್ಕಳು ಇಬ್ಬರಿಗೂ ಬಾಯಿಪಾಠ. ಎಮ್ಮಾ ಅದರಲ್ಲಿ ತುಂಟ ಮಕ್ಕಳನ್ನು ನೋಡಿಕೊಳ್ಳಲು ಬರುವ ಮಾಯಾವಿ ದಾದಿ. ದಪ್ಪ ಮೂಗು, ಮುಖದ ಮೇಲೆ ಎರಡು ಗಂಟು, ಸೇರಿಹೋದ ಹುಬ್ಬು, ತುಟಿಯ ಮೇಲೆ ಚಾಚಿದ ಒಂದೇ ಹಲ್ಲು. ಮಕ್ಕಳು ಒಂದೊಂದು ಪಾಠ ಕಲಿತ ಹಾಗೆ ಒಂದೊಂದೇ ಮಾಯವಾಗುತ್ತದೆ. ಚಿಕ್ಕವಳು ಮೊದಲ ಸಲ ನೋಡಿದಾಗ ಹೆದರಿ ನನ್ನ ಸೆರಗು ಹಿಡಿದಿದ್ದಳು. ಅರ್ಧ ಆಗುವಷ್ಟರಲ್ಲಿ ಟಿವಿ ಹತ್ತಿರ ಹೋಗಿ, ಗಂಟು ಹೋಗಿದೆಯಾ ಅಂತ ಬೆರಳಿಟ್ಟು ನೋಡುತ್ತಿದ್ದಳು.

ಕ್ರಿಸ್ಟಿಯಾನ ಬ್ರ್ಯಾಂಡ್ ಬರೆದ ಮಕ್ಕಳ ಪುಸ್ತಕಗಳಿಂದ ಚಿತ್ರಕತೆ ಬರೆದದ್ದೂ ಎಮ್ಮಾ ಅವರೇ. 2005ರಲ್ಲಿ ಒಂದು, 2010ರಲ್ಲಿ ಇನ್ನೊಂದು ಬಂತು. ನನಗೆ ಇಷ್ಟವಾಗುವುದು ಅವಳು ಗದರುವುದಿಲ್ಲ ಅನ್ನುವುದು. ದನಿ ಎತ್ತುವುದೇ ಇಲ್ಲ. ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟುತ್ತಾಳೆ, ಅಷ್ಟೇ.

ಹಳೇರೀಲು

ಎರಡುಜಡೆ ಅವರು ಬರವಣಿಗೆಯ ಮಾತು ತೆಗೆದದ್ದು ಒಳ್ಳೆಯದಾಯಿತು. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ (1995) ಬಗ್ಗೆ ನಾನು ಹೇಳಬೇಕು ಅಂದುಕೊಂಡದ್ದು ಅದನ್ನೇ.

ಜೇನ್ ಆಸ್ಟೆನ್ ಕಾದಂಬರಿಯಿಂದ ಆ ಚಿತ್ರಕತೆ ಬರೆಯಲು ಎಮ್ಮಾ ವರ್ಷಗಟ್ಟಲೆ ಕೂತಿದ್ದರು. ಒಮ್ಮೆ ಕಂಪ್ಯೂಟರ್ ಕೆಟ್ಟು ಬರೆದದ್ದೆಲ್ಲ ಕಾಣದಾಯಿತಂತೆ. ಅವರು ಕಂಪ್ಯೂಟರ್ ಹೊತ್ತುಕೊಂಡು ಗೆಳೆಯ ಸ್ಟೀಫನ್ ಫ್ರೈ ಮನೆಗೆ ಓಡಿದರು, ಫ್ರೈ ಗಂಟೆಗಟ್ಟಲೆ ಕೂತು ಹುಡುಕಿ ತೆಗೆದರು. ಇವರಿಬ್ಬರೂ ನಟ ಹ್ಯೂ ಲಾರಿಯೂ ಕೇಂಬ್ರಿಜ್‌ನಲ್ಲಿ ಒಟ್ಟಿಗೆ ನಾಟಕ ಆಡಿದವರು.

ಈಗ ದೃಶ್ಯಕ್ಕೆ ಬರುತ್ತೇನೆ. ಎಮ್ಮಾ ಮಾಡಿದ ಎಲಿನಾರ್ ಮನೆಯ ಹಿರಿಯ ಮಗಳು. ಇಡೀ ಸಿನಿಮಾ ಮನೆಯ ಲೆಕ್ಕ ನೋಡುತ್ತಾ, ತಂಗಿಯನ್ನು ಸಂಭಾಳಿಸುತ್ತಾ, ತನ್ನ ಪ್ರೀತಿಯನ್ನು ಯಾರಿಗೂ ಹೇಳದೆ ಇರುತ್ತಾಳೆ. ತಾನು ಮೆಚ್ಚಿದ ಎಡ್ವರ್ಡ್ ಬೇರೆಯವಳನ್ನು ಮದುವೆಯಾದ ಅಂತ ನಂಬಿದ್ದಾಳೆ. ಕೊನೆಯಲ್ಲಿ ಅವನು ಮನೆಗೆ ಬಂದು, ಮದುವೆಯಾದದ್ದು ನಾನಲ್ಲ, ನನ್ನ ತಮ್ಮ ಅನ್ನುತ್ತಾನೆ. ಕಾದಂಬರಿಯಲ್ಲಿ ಎಲಿನಾರ್ ಕೋಣೆಯಿಂದ ಓಡಿಹೋಗಿ, ಬಾಗಿಲು ಹಾಕಿಕೊಂಡ ಮೇಲೆ ಅಳುತ್ತಾಳೆ. ಎಮ್ಮಾ ಇದನ್ನು ತಿರುಗಿಸಿದರು. ಸಿನಿಮಾದಲ್ಲಿ ಎಲಿನಾರ್ ಕೂತಲ್ಲೇ ಕೂರುತ್ತಾಳೆ, ಅಮ್ಮ ತಂಗಿಯರು ಎದ್ದು ಹೊರಗೆ ಹೋಗುತ್ತಾರೆ. ಅವಳ ಗಂಟಲಿನಿಂದ ಒಂದು ಸದ್ದು ಬರುತ್ತದೆ. ಚೆಂದದ ಅಳುವಲ್ಲ ಅದು. ತುಂಬ ಹೊತ್ತು ನೀರಿನೊಳಗೆ ಇದ್ದವರು ಮೇಲೆ ಬಂದು ಉಸಿರು ಎಳೆದ ಹಾಗೆ. ಎಡ್ವರ್ಡ್ ತನ್ನ ಮಾತು ಮುಗಿಸುವ ತನಕವೂ ಅದು ನಿಲ್ಲುವುದಿಲ್ಲ.

ಕ್ಯಾರೆನ್ ಕೋಣೆಯೊಳಗೆ ಹೋಗಿ ಅಳುತ್ತಾಳೆ. ಎಲಿನಾರ್‌ಗೆ ಒಳಗೆ ಹೋಗುವುದಕ್ಕೂ ಆಗುವುದಿಲ್ಲ. ಅದು ಬರೆದವರೂ ನಟಿಸಿದವರೂ ಒಬ್ಬರೇ ಆದಾಗ ಸಿಗುವ ವರ. ಕಾದಂಬರಿಯ ಎಲಿನಾರ್‌ಗೆ ಹತ್ತೊಂಬತ್ತು ವರ್ಷ, ಎಮ್ಮಾಗೆ ಆಗ ಮೂವತ್ತು ದಾಟಿ ಎಷ್ಟೋ ಆಗಿತ್ತು. ಆ ದೃಶ್ಯ ನೋಡುವಾಗ ವಯಸ್ಸಿನ ನೆನಪೇ ಬರುವುದಿಲ್ಲ.

ಆ ಚಿತ್ರಕತೆಗೆ ಆಸ್ಕರ್ ಬಂತು. ನಟನೆಗೂ ಬರವಣಿಗೆಗೂ ಆಸ್ಕರ್ ಗೆದ್ದವರು ಈಗಲೂ ಇವರೊಬ್ಬರೇ. ಸಮಾರಂಭಕ್ಕೆ ಹೋಗುವ ಮೊದಲು ವಿಂಚೆಸ್ಟರ್ ಚರ್ಚಿನಲ್ಲಿರುವ ಜೇನ್ ಆಸ್ಟೆನ್ ಸಮಾಧಿಗೆ ಹೋಗಿ ನಮಸ್ಕಾರ ಹೇಳಿ ಬಂದೆ ಅಂತ ವೇದಿಕೆಯಲ್ಲೇ ಹೇಳಿದರು.

ಬೆಣ್ಣೆದೋಸೆ

ಎಲ್ಲರ ಬರಹವನ್ನೂ ಓದಿದೆ. ನೈಟ್‌ಡ್ಯೂಟಿ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ‘ವಿಟ್’ ಇನ್ನೂ ನೋಡಿಲ್ಲ, ಆದರೆ ನಿನ್ನೆ ‘ಕ್ರುಯೆಲ್ಲಾ’ (2021) ನೋಡಿದೆ. ಒಪ್ಪಿಕೊಳ್ಳುತ್ತೇನೆ, ಮೊದಲ ಹತ್ತು ನಿಮಿಷ ಇದು ಅದೇ ನಟಿಯೇ ಅಂತ ಅನುಮಾನ ಬಂತು. ಬ್ಯಾರನೆಸ್ ಅಂತ ಫ್ಯಾಷನ್ ಲೋಕದ ರಾಣಿ. ಬಟ್ಟೆಯನ್ನು ಬ್ಲೇಡಿನಿಂದ ಸೀಳುವಾಗ ಕೆಲಸದ ಹುಡುಗಿಗೆ ತಾಗಿ ರಕ್ತ ಬರುತ್ತದೆ. ಬ್ಯಾರನೆಸ್ ಆ ರಕ್ತ ನೋಡಿ, ಈ ಬಣ್ಣದ ಬಟ್ಟೆ ತರಿಸಿ ಅನ್ನುತ್ತಾಳೆ. ಮುಖದಲ್ಲಿ ಕ್ರೌರ್ಯವೂ ಇಲ್ಲ, ಬರೀ ಬಣ್ಣದ ಮೇಲಿನ ಆಸಕ್ತಿ. ಮೈ ಜುಂ ಅಂತು.

ಈಗ ನನ್ನ ಪ್ರಶ್ನೆ ಬದಲಾಗಿದೆ. ಎಲಿನಾರ್ ಮಾಡಿದವರಿಗೆ ಬ್ಯಾರನೆಸ್ ಎಲ್ಲಿಂದ ಸಿಕ್ಕಿದಳು?

ಸೂಜಿದಾರ

ನಾನು ಬಟ್ಟೆಯ ಕಡೆಯಿಂದ ಉತ್ತರ ಕೊಡುತ್ತೇನೆ. ಹೊಲಿಗೆ ನನ್ನ ಕಸುಬು. ‘ಹೋವರ್ಡ್ಸ್ ಎಂಡ್’, ‘ರಿಮೇನ್ಸ್ ಆಫ್ ದಿ ಡೇ’, ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’, ಮೂರಕ್ಕೂ ಬಟ್ಟೆ ವಿನ್ಯಾಸ ಮಾಡಿದವರು ಜೆನ್ನಿ ಬೀವನ್ ಮತ್ತು ಜಾನ್ ಬ್ರೈಟ್. ‘ಕ್ರುಯೆಲ್ಲಾ’ಗೆ ಮಾಡಿದವರೂ ಅದೇ ಜೆನ್ನಿ ಬೀವನ್, ಅದಕ್ಕೆ ಆಸ್ಕರ್ ಬಂತು. ಅಂದರೆ ಎಮ್ಮಾ ಅವರ ಭುಜ, ಕತ್ತು, ನಡೆ ಎಲ್ಲವನ್ನೂ ಮೂವತ್ತು ವರ್ಷದಿಂದ ಬಲ್ಲ ಕೈ ಅದು.

ಮಿಸ್ ಕೆಂಟನ್ ಬಟ್ಟೆ ಗಮನಿಸಿ. ಕತ್ತಿನ ತನಕ ಮುಚ್ಚಿದ, ಮಾಸಿದ ಬಣ್ಣದ, ಕೆಲಸಕ್ಕೆ ಒದಗುವ ಬಟ್ಟೆ. ಬೆನ್ನು ನೆಟ್ಟಗೆ. ಬ್ಯಾರನೆಸ್ ಬಟ್ಟೆಯೂ ಬಿಗಿಯೇ, ಬೆನ್ನು ಇನ್ನೂ ನೆಟ್ಟಗೆ. ಕೆಂಟನ್ ಆ ಬಿಗಿಯನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ, ಬ್ಯಾರನೆಸ್ ಬೇರೆಯವರ ಮೇಲೆ ಹಾಕುತ್ತಾಳೆ. ಬೆಣ್ಣೆದೋಸೆ ಅವರು ಮೊದಲು ಒಂದೇ ಪಾತ್ರ ಅಂದರಲ್ಲ, ಅದರಲ್ಲಿ ಸ್ವಲ್ಪ ಸತ್ಯ ಇದೆ. ಅದೇ ಹಿಡಿತವನ್ನು ಒಳಗಿನಿಂದ ಹೊರಗೆ ತಿರುಗಿಸಿದರೆ ಬ್ಯಾರನೆಸ್ ಆಗುತ್ತಾಳೆ.

ತುಂಗಾತೀರ

ಎಷ್ಟು ಚೆನ್ನಾಗಿ ಹೇಳಿದಿರಿ. ‘ಮಟಿಲ್ಡಾ’ದ (2022) ಟ್ರಂಚ್‌ಬುಲ್ ಕೂಡ ಹಾಗೇ ಅಲ್ವಾ? ಮಕ್ಕಳನ್ನು ಹಿಂಸಿಸುವ ಹೆಡ್‌ಮಿಸ್ಟ್ರೆಸ್. ಲಂಡನ್ನಿನ ರಂಗದ ಮೇಲೆ ಆ ಪಾತ್ರವನ್ನು ಮೊದಲು ಮಾಡಿದ್ದು ಗಂಡಸು. ಎಮ್ಮಾ ಮುಖಕ್ಕೆ ಭಾರದ ಮೇಕಪ್ ಅಂಟಿಸಿಕೊಂಡು, ಹ್ಯಾಮರ್ ಥ್ರೋ ಆಟಗಾರ್ತಿಯ ಭುಜ ಹಾಕಿಕೊಂಡು ಮಾಡಿದ್ದಾರೆ.

ಹ್ಯಾರಿ ಪಾಟರ್‌ನ ಟ್ರೆಲಾನಿ ಬಗ್ಗೆ ಯಾರೂ ಬರೆದಿಲ್ಲ. ದಪ್ಪ ಕನ್ನಡಕದ ಭವಿಷ್ಯ ಹೇಳುವ ಟೀಚರ್. 2004ರಲ್ಲಿ ಬಂದಾಗ ಮಕ್ಕಳೆಲ್ಲ ನಕ್ಕರು. 2007ರ ಸಿನಿಮಾದಲ್ಲಿ ಅವಳನ್ನು ಕೆಲಸದಿಂದ ತೆಗೆದು, ಎಲ್ಲ ವಿದ್ಯಾರ್ಥಿಗಳ ಎದುರು ಟ್ರಂಕು ಹೊರಗೆ ಇಡಿಸುತ್ತಾರೆ. ಹದಿನಾರು ವರ್ಷದಿಂದ ಇದೇ ನನ್ನ ಮನೆ ಅಂತ ಅವಳು ತೊದಲುತ್ತಾಳೆ. ಆಗ ಇನ್ನೊಬ್ಬ ಟೀಚರ್ ಪಾತ್ರದ ಮ್ಯಾಗಿ ಸ್ಮಿತ್ ಬಂದು ತಬ್ಬಿಕೊಳ್ಳುತ್ತಾರೆ. ಎರಡು ನಿಮಿಷದ ದೃಶ್ಯ. ಅಲ್ಲಿಯವರೆಗೆ ನಕ್ಕವರಿಗೆ ನಗು ನಿಂತುಹೋಗುತ್ತದೆ.

ಚಾಕ್‌ಪೀಸು

ನಾನು ನಿವೃತ್ತ ಟೀಚರ್. ಗಂಡ ತೀರಿಕೊಂಡು ಆರು ವರ್ಷ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

‘ಗುಡ್ ಲಕ್ ಟು ಯು, ಲಿಯೋ ಗ್ರ್ಯಾಂಡ್’, 2022. ಎಮ್ಮಾ ಅದರಲ್ಲಿ ನ್ಯಾನ್ಸಿ. ಅವಳೂ ನಿವೃತ್ತ ಟೀಚರ್, ವಿಧವೆ. ಹೋಟೆಲ್ ಕೋಣೆ, ಅಲ್ಲಿಗೆ ಹಣ ಕೊಟ್ಟು ಕರೆಸಿದ ಒಬ್ಬ ಯುವಕ. ಇಷ್ಟು ಕೇಳಿದರೆ ಯಾರಿಗಾದರೂ ಮುಜುಗರ. ನನಗೂ ಆಯಿತು. ಆದರೆ ಸಿನಿಮಾದ ಹೆಚ್ಚು ಪಾಲು ಮಾತು. ಅವಳು ಟೀಚರ್ ಹಾಗೇ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದು ತರುತ್ತಾಳೆ. ಆ ಪಟ್ಟಿ ನೋಡಿ ನನಗೆ ನಗುವೂ ಬಂತು, ಎದೆಯೂ ಭಾರವಾಯಿತು. ಮದುವೆಯಲ್ಲಿ ಒಂದು ದಿನವೂ ಸುಖ ಅಂದರೇನು ಅಂತ ಯಾರೂ ಕೇಳಲಿಲ್ಲ, ತಾನೂ ಕೇಳಿಕೊಳ್ಳಲಿಲ್ಲ ಅನ್ನುವುದನ್ನು ಅವಳು ಯಾವ ದೂರೂ ಇಲ್ಲದೆ ಹೇಳುತ್ತಾಳೆ.

ಕೊನೆಯಲ್ಲಿ ಅವಳು ಕನ್ನಡಿ ಎದುರು ಬಟ್ಟೆಯಿಲ್ಲದೆ ನಿಲ್ಲುತ್ತಾಳೆ. ಅರವತ್ತು ದಾಟಿದ ಮೈ, ಇದ್ದ ಹಾಗೇ. ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ, ಪಕ್ಕಕ್ಕೆ ತಿರುಗಿ ಚೆಂದ ಕಾಣಲು ನೋಡುವುದಿಲ್ಲ. ಸುಮ್ಮನೆ ನೋಡಿಕೊಳ್ಳುತ್ತಾಳೆ. ಹಾಗೆ ನಿಲ್ಲುವುದು ತಾವು ಮಾಡಿದ್ದರಲ್ಲೇ ತುಂಬ ಕಷ್ಟದ ಕೆಲಸ ಅಂತ ಎಮ್ಮಾ ಹೇಳಿದ್ದಾರೆ. ಹಳೇರೀಲು ಅವರೇ, ನೀವು ಕೈ ನೋಡಿ ಅಂದಿರಿ. ಅಲ್ಲಿ ಕೈಗೆ ಏನೂ ಕೆಲಸವಿಲ್ಲ. ಹೊದಿಕೆ ಸರಿ ಮಾಡುವುದಿಲ್ಲ, ಪುಸ್ತಕ ಬಿಡಿಸುವುದಿಲ್ಲ. ಕೈ ಪಕ್ಕದಲ್ಲಿ ಇಳಿಬಿದ್ದಿದೆ. ಅದನ್ನು ನೋಡಿ ನಾನು ತುಂಬ ಹೊತ್ತು ಕೂತಿದ್ದೆ.

ಹಳೇರೀಲು

ಮೇಡಂ, ನೀವು ಬರೆದದ್ದು ಒಳ್ಳೆಯದಾಯಿತು. ನನಗೆ ಇದು ಹೊಳೆದಿರಲಿಲ್ಲ. ಆ ಸಿನಿಮಾ ಇವತ್ತೇ ಮತ್ತೆ ನೋಡುತ್ತೇನೆ.

ಎರಡುಜಡೆ

ಮೇಡಂ, ನಮಸ್ಕಾರ. ನನ್ನ ಅಮ್ಮನಿಗೂ ತೋರಿಸಬೇಕು ಅನ್ನಿಸುತ್ತಿದೆ.

ಕರಿಕೋಟು

‘ಕ್ಯಾರಿಂಗ್ಟನ್’ (1995) ನೋಡಿದವರಿದ್ದೀರಾ? ಎಮ್ಮಾ ಮಾಡಿದ ಡೋರಾ ಕ್ಯಾರಿಂಗ್ಟನ್ ಚಿತ್ರಕಲಾವಿದೆ. ಲಿಟನ್ ಸ್ಟ್ರೇಚಿ ಅನ್ನುವ ಲೇಖಕನ ಮೇಲೆ ಜೀವ. ಅವನಿಗೆ ಗಂಡಸರ ಮೇಲೆ ಒಲವು. ಆದರೂ ಇಬ್ಬರೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇರುತ್ತಾರೆ. ಒಂದು ರಾತ್ರಿ ಅವಳು ಹೊರಗೆ ತೋಟದಲ್ಲಿ ಒಬ್ಬಳೇ ಕೂತಿದ್ದಾಳೆ. ಮನೆಯ ಒಂದೊಂದು ಕಿಟಕಿಯಲ್ಲೂ ಬೆಳಕು, ಒಂದೊಂದರಲ್ಲೂ ಒಂದೊಂದು ಜೋಡಿ. ಅವಳು ಕಿಟಕಿಯಿಂದ ಕಿಟಕಿಗೆ ನೋಡುತ್ತಾಳೆ. ಒಂದು ಮಾತೂ ಇಲ್ಲ. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಬಂದದ್ದೂ ಇದೇ ವರ್ಷ.

ಬೆಣ್ಣೆದೋಸೆ

ಇದು ನನ್ನ ಇನ್ನೊಂದು ವರದಿ. ವಾರಾಂತ್ಯ ಊರಿಗೆ ಹೋಗಿದ್ದೆ. ‘ವಿಟ್’ ಹಾಕೋಣ ಅಂದುಕೊಂಡೆ, ಆದರೆ ಅಮ್ಮ ಪಕ್ಕದಲ್ಲಿದ್ದರು, ಕ್ಯಾನ್ಸರ್ ಕತೆ ಬೇಡ ಅನ್ನಿಸಿತು. ಹುಡುಕಿ ‘ದಿ ವಿಂಟರ್ ಗೆಸ್ಟ್’ (1997) ಹಾಕಿದೆ. ಅಲನ್ ರಿಕ್‌ಮನ್ ನಿರ್ದೇಶನ. ಸ್ಕಾಟ್ಲೆಂಡಿನ ಒಂದು ಸಣ್ಣ ಊರು, ಸಮುದ್ರವೇ ಹೆಪ್ಪುಗಟ್ಟಿದ ಚಳಿ. ಗಂಡನನ್ನು ಕಳೆದುಕೊಂಡ ಫ್ರಾನ್ಸಿಸ್ ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಾಳೆ. ಮುದುಕಿ ತಾಯಿ ಹಿಮದಲ್ಲಿ ನಡೆದು ಮಗಳನ್ನು ನೋಡಲು ಬರುತ್ತಾಳೆ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅವರೆಕಾಳು ಸುಲಿಯುತ್ತಾ ಕೂತಿದ್ದರು. ನಾನು ನಡುನಡುವೆ ಕತೆ ಹೇಳುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೀನು ಸುಮ್ನೆ ಇರು ಅಂದರು. ಇಬ್ಬರೂ ಹೆಂಗಸರು ಸಮುದ್ರದ ದಂಡೆಯಲ್ಲಿ ನಡೆಯುವ ಹೊತ್ತಿಗೆ ಕಾಳು ಸುಲಿಯುವುದು ನಿಂತಿತ್ತು.

“ಇವರಿಬ್ಬರೂ ನಿಜವಾದ ತಾಯಿ ಮಗಳು ಅಲ್ವೇನೋ?” ಅಂತ ಕೇಳಿದರು.

ನಾನು ದಂಗಾದೆ. ತಾಯಿಯ ಪಾತ್ರ ಮಾಡಿದ ಫಿಲಿಡಾ ಲಾ ನಿಜವಾಗಿಯೂ ಎಮ್ಮಾ ಅವರ ತಾಯಿ. ನಾನು ಅದನ್ನು ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ.

“ಆ ಮುದುಕಿ ಮಗಳ ಕೂದಲು ನೋಡೋದು ನೋಡು. ಬೇರೆಯವರ ಮಗಳನ್ನ ಯಾರೂ ಹಾಗೆ ನೋಡಲ್ಲ” ಅಂದರು. ಆಮೇಲೆ ಮತ್ತೆ ಕಾಳು ಸುಲಿಯಲು ಶುರು ಮಾಡಿದರು. ಸಿನಿಮಾ ಮುಗಿಯುವ ತನಕ ಎದ್ದು ಹೋಗಲಿಲ್ಲ.

ನೈಟ್‌ಡ್ಯೂಟಿ ಅಕ್ಕ, ‘ವಿಟ್’ ನಾನು ಒಬ್ಬನೇ ಇರುವಾಗ ನೋಡುತ್ತೇನೆ. ನೋಡಿದ ಮೇಲೆ ಇಲ್ಲಿ ಬಂದು ಬರೆಯುತ್ತೇನೆ.